ಏಳು ದಿನಗಳ ಗಡುವು, ಅರ್ಥವಾಗದ ಇ-ಮೇಲ್

ಮಾರಾಟ ತೆರಿಗೆಯ ಕಾಲದಲ್ಲಿ, ತದನಂತರ 2005ರಿಂದ ಜಾರಿಯಲ್ಲಿದ್ದ ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿಯೂ, ಇಲಾಖೆಯ ನೋಟಿಸು ವರ್ತಕನ ಅಂಗಡಿಗೆ ಬರುವ ರೀತಿಯೇ ಬೇರೆ ಇತ್ತು. ಅಂಚೆಯವನು ಇಲ್ಲವೆ ಇಲಾಖೆಯ ಜವಾನನು ಲಕೋಟೆ ತಂದು, ಸಹಿ ಪಡೆದು, ಕೈಗೆ ಕೊಟ್ಟು ಹೋಗುತ್ತಿದ್ದನು. ಮಾಲೀಕನು ಪರಸ್ಥಳಕ್ಕೆ ಹೋಗಿದ್ದರೆ ಗುಮಾಸ್ತನು ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿ ತೆಗೆದಿರಿಸುತ್ತಿದ್ದನು. ನೋಟಿಸಿನ ಭಾಷೆ ಎಷ್ಟೇ ಕಠಿಣವಾಗಿದ್ದರೂ, ನೋಟಿಸು ಬಂದಿದೆ ಎಂಬುದರಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಈ ಚಿತ್ರ ಬದಲಾಯಿತು. ಈಗ ಲೆಕ್ಕವನ್ನು ಮೊದಲು ತಾಳೆ ನೋಡುವುದು ಗಣಕಯಂತ್ರ. ವ್ಯತ್ಯಾಸ ಕಂಡಾಗ ಎಚ್ಚರಿಕೆಯ ಪತ್ರವನ್ನು ಸಿದ್ಧಪಡಿಸಿ ಕಳುಹಿಸುವುದೂ ಗಣಕಯಂತ್ರವೇ. ಪತ್ರವು ಜಾಲತಾಣದಲ್ಲಿ ದಾಖಲಾಗುತ್ತದೆ, ಅದರ ಪ್ರತಿಯೊಂದು ಇ-ಮೇಲ್ ಆಗಿ ಹೊರಡುತ್ತದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 169ನೇ ಕಲಮು ನೋಟಿಸು ಜಾರಿ ಮಾಡುವ ವಿಧಾನಗಳಲ್ಲಿ ನೋಂದಾಯಿತ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದನ್ನೂ, ಸಾಮಾನ್ಯ ಜಾಲತಾಣದಲ್ಲಿ ಲಭ್ಯವಾಗಿಸುವುದನ್ನೂ ಸೇರಿಸಿದೆ. ಗಡುವು ಓಡತೊಡಗಲು ವರ್ತಕನು ಅದನ್ನು ಓದಿರಬೇಕೆಂಬ ನಿಯಮವಿಲ್ಲ.

ಓದಿದವನಿಗಾದರೂ ಅದು ಅರ್ಥವಾಗುವಂತಿದೆಯೇ ಎಂಬುದು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳ ವರ್ತಕರಿಗೆ ಮತ್ತು ಸಣ್ಣ ಉದ್ದಿಮೆದಾರರಿಗೆ ಸಂಬಂಧಿಸಿದ ಪ್ರಶ್ನೆ. ಎಚ್ಚರಿಕೆಯ ಭಾಷೆ ಒರಟಾಗಿದೆ, ಮುದ್ರಣ ಅಂದವಾಗಿಲ್ಲ ಎಂಬ ಸೌಂದರ್ಯದ ತಕರಾರು ಇದಲ್ಲ. ಹಣ ನಿಲ್ಲುವ, ವ್ಯಾಪಾರ ನಿಲ್ಲುವ ಸಂಗತಿ ಇದು.

ನೂಲಿನ ಖರೀದಿಯಿಂದ ಆರಂಭವಾಗುವ ತೊಡಕು

ಒಂದು ಸಾಮಾನ್ಯ ಸಂದರ್ಭವನ್ನು ಪರಿಶೀಲಿಸಬಹುದು. ಬನಹಟ್ಟಿಯ ವಿದ್ಯುತ್ ಮಗ್ಗದ ಮಾಲೀಕನೊಬ್ಬನು ಏಪ್ರಿಲ್ ತಿಂಗಳಲ್ಲಿ ನೂಲು ಖರೀದಿಸುತ್ತಾನೆ. ನೂಲು ಮಾರಿದ ವ್ಯಾಪಾರಿಯ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿಲ್ಲ. ಅವನು ಮೂರು ತಿಂಗಳಿಗೊಮ್ಮೆ ವಿವರಪಟ್ಟಿ ಸಲ್ಲಿಸುವ ಪದ್ಧತಿಯಲ್ಲಿದ್ದಾನೆ. ಬಿಲ್ಲುಗಳನ್ನು ಆಯಾ ತಿಂಗಳೇ ಜಾಲತಾಣಕ್ಕೆ ಏರಿಸುವ ಸೌಲಭ್ಯವಿದ್ದರೂ ಅವನು ಅದನ್ನು ಬಳಸುವುದಿಲ್ಲ. ಹೀಗಾಗಿ ಏಪ್ರಿಲ್ ತಿಂಗಳ ಬಿಲ್ಲು ಖರೀದಿದಾರನ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಕಾಣುವುದು ಜುಲೈ ತಿಂಗಳಲ್ಲಿ. ಆದರೆ ಮಗ್ಗದ ಮಾಲೀಕನ ಗುಮಾಸ್ತನು ಪುಸ್ತಕದಲ್ಲಿ ಬಿಲ್ಲು ಇದೆಯೆಂದು ಮೇ 20ರ 3ಬಿ ರಿಟರ್ನ್‌ನಲ್ಲಿಯೇ ಹೂಡುವಳಿ ತೆರಿಗೆಯ ಜಮೆಯನ್ನು ತೆಗೆದುಕೊಂಡುಬಿಡುತ್ತಾನೆ.

ಗಣಕಯಂತ್ರವು ಈ ಎರಡು ತಖ್ತೆಗಳನ್ನು ತಾಳೆ ನೋಡುತ್ತದೆ. ವ್ಯತ್ಯಾಸವು ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ ನಿಗದಿಯಾದ ಮೊತ್ತ ಹಾಗೂ ಶೇಕಡಾವಾರು ಮಿತಿಯನ್ನು ಮೀರಿದರೆ, 2023ರ ಆಗಸ್ಟ್‌ನಲ್ಲಿ ಸೇರ್ಪಡೆಯಾದ 88ಡಿ ನಿಯಮದಂತೆ ‘ಡಿಆರ್‌ಸಿ-01ಸಿ’ ಎಂಬ ನಮೂನೆಯಲ್ಲಿ ಸೂಚನೆ ಹೊರಡುತ್ತದೆ. ಅದರ ಪ್ರತಿಯನ್ನು ಇ-ಮೇಲ್ ವಿಳಾಸಕ್ಕೆ ಕಳುಹಿಸಬೇಕೆಂದು ನಿಯಮವೇ ವಿಧಿಸುತ್ತದೆ. ಏಳು ದಿನಗಳಲ್ಲಿ ಹೆಚ್ಚುವರಿ ಜಮೆಯನ್ನು ಬಡ್ಡಿಸಹಿತ ಕಟ್ಟಬೇಕು, ಇಲ್ಲವೆ ಕಾರಣ ತಿಳಿಸಬೇಕು.

ಎರಡನ್ನೂ ಮಾಡದಿದ್ದರೆ ಪರಿಣಾಮ ಎರಡು ಬಗೆಯದು. ಮೊದಲನೆಯದಾಗಿ, ತೆರಿಗೆ ಬೇಡಿಕೆಯ ನಡವಳಿ ಆರಂಭವಾಗಬಹುದು. ಎರಡನೆಯದು ಕೂಡಲೇ ತಟ್ಟುವಂಥದು: 59(6)ನೇ ನಿಯಮದಂತೆ ಮುಂದಿನ ಅವಧಿಯ ಜಿಎಸ್‌ಟಿಆರ್-1 ವಿವರಪಟ್ಟಿಯನ್ನು ಸಲ್ಲಿಸಲು ಜಾಲತಾಣವು ಅವಕಾಶ ನೀಡುವುದಿಲ್ಲ. ಅದು ಸಲ್ಲಿಕೆಯಾಗದಿದ್ದರೆ ಸೀರೆ ಖರೀದಿಸಿದ ಪರಸ್ಥಳದ ವ್ಯಾಪಾರಿಯ 2ಬಿ ತಖ್ತೆಯಲ್ಲಿ ಬನಹಟ್ಟಿಯ ಬಿಲ್ಲು ಕಾಣುವುದಿಲ್ಲ. ಅವನಿಗೆ ತೆರಿಗೆ ಜಮೆ ದೊರೆಯುವುದಿಲ್ಲ. ಅವನು ಬಿಲ್ಲಿನ ತೆರಿಗೆಯ ಭಾಗವನ್ನಷ್ಟೇ ತಡೆಹಿಡಿದರೆ ಅದು ಸೌಜನ್ಯವೆಂದೇ ಹೇಳಬೇಕು. ಪೂರ್ತಿ ಪಾವತಿಯನ್ನೇ ನಿಲ್ಲಿಸುವವರೂ ಉಂಟು. ವಾರದ ಕೂಲಿ, ನೂಲಿನ ಉದ್ರಿ, ಬ್ಯಾಂಕಿನ ಕಂತು ಇವೆಲ್ಲ ನಿಂತಿರುವುದು ಆ ಪಾವತಿಯ ಮೇಲೆ.

ಗಮನಿಸಬೇಕಾದ ಅಂಶವೆಂದರೆ, ಈ ಮಾಲೀಕನು ತೆರಿಗೆ ವಂಚಿಸಿದವನಲ್ಲ. ‘ಸರಬರಾಜುದಾರನು ತ್ರೈಮಾಸಿಕ ಪದ್ಧತಿಯಲ್ಲಿದ್ದಾನೆ’ ಎಂದು ಕಾರಣ ತಿಳಿಸಿ, ಅವಧಿಗೆ ಮೊದಲೇ ಪಡೆದ ಜಮೆಯನ್ನು ಸರಿಪಡಿಸಿಕೊಂಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಉತ್ತರ ಅವನ ಬಳಿಯೇ ಇತ್ತು. ಪ್ರಶ್ನೆ ಕೇಳಲಾಗಿದೆ ಎಂಬುದೇ ಅವನಿಗೆ ತಿಳಿಯಲಿಲ್ಲ.

ಎಚ್ಚರಿಕೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಇಂಥ ಇ-ಮೇಲ್‌ಗಳಲ್ಲಿ ಎದ್ದು ಕಾಣುವುದು ನೋಂದಣಿ ಸಂಖ್ಯೆ, ನಮೂನೆಯ ಸಂಖ್ಯೆ, ಉದ್ದನೆಯ ಉಲ್ಲೇಖ ಸಂಖ್ಯೆ, ಮತ್ತು ಜಾಲತಾಣಕ್ಕೆ ಹೋಗಿ ನೋಡುವಂತೆ ಒಂದು ಸೂಚನೆ. ಎಲ್ಲವೂ ಇಂಗ್ಲಿಷಿನಲ್ಲಿ. ಎಷ್ಟು ಹಣದ ವಿಷಯ, ಯಾವ ತಿಂಗಳಿನದು, ಕೊನೆಯ ದಿನಾಂಕ ಯಾವುದು, ಸುಮ್ಮನಿದ್ದರೆ ಏನಾಗುತ್ತದೆ ಎಂಬ ನಾಲ್ಕು ಸಂಗತಿಗಳು ಮೊದಲ ನೋಟಕ್ಕೆ ಸಿಗುವುದಿಲ್ಲ. ರಿಟರ್ನ್ ಸಲ್ಲಿಕೆಯಾಯಿತು ಎಂಬ ನಿರುಪದ್ರವಿ ಸಂದೇಶವೂ, ನೋಂದಣಿ ರದ್ದಾಗಲಿದೆ ಎಂಬ ಅಪಾಯಕಾರಿ ಸಂದೇಶವೂ ಒಂದೇ ಕಡೆಯಿಂದ, ಒಂದೇ ತೆರನಾದ ಉಡುಪು ತೊಟ್ಟು ಬರುತ್ತವೆ. ದಿನವೂ ಹತ್ತು ಸಂದೇಶಗಳನ್ನು ನೋಡಿ ನೋಡಿ ಬೇಸತ್ತವನು ಹನ್ನೊಂದನೆಯದನ್ನು ತೆರೆಯದೇ ಬಿಟ್ಟರೆ ಅದರಲ್ಲಿ ಆಶ್ಚರ್ಯವೇನಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ಇಲಾಖೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಚ್ಚರಿಕೆಯೆಂಬುದು ಹೇಗಿರಬೇಕು ಎಂಬುದನ್ನು ಕೃಷ್ಣಾ–ಘಟಪ್ರಭಾ ತೀರದ ಜನರಿಗಿಂತ ಚೆನ್ನಾಗಿ ಬಲ್ಲವರು ವಿರಳ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಜಲಾಶಯಗಳಿಂದ ಇಷ್ಟು ಕ್ಯೂಸೆಕ್ಸ್ ನೀರು ಬಿಡಲಾಗಿದೆ ಎಂಬ ಅಂಕಿ ದಿನವೂ ಪ್ರಕಟವಾಗುತ್ತಿತ್ತು. ಎಂಜಿನಿಯರನಿಗೆ ಆ ಅಂಕಿ ಸಾಕು. ಮುಧೋಳದ ಅಂಗಡಿಕಾರನಿಗೆ ಬೇಕಾದದ್ದು ಬೇರೆ: ಯಾದವಾಡ ಸೇತುವೆಯ ಮೇಲೆ ನೀರು ಬರುವುದೇ, ಯಾವ ಓಣಿಯವರು ಯಾವ ಹೊತ್ತಿನೊಳಗೆ ಸರಕು ಎತ್ತಬೇಕು. ಅಂಕಿಯನ್ನು ಕೆಲಸವಾಗಿ ಪರಿವರ್ತಿಸಿ ಹೇಳಿದಾಗಲೇ ಅದು ಎಚ್ಚರಿಕೆಯಾಗುತ್ತದೆ. ಅದಿಲ್ಲದಿದ್ದರೆ ಅದು ಬರಿಯ ದಾಖಲೆ. ತಾನು ಹೇಳಿದ್ದೆ ಎಂದು ಮುಂದೆ ತೋರಿಸಲು ಕಳುಹಿಸಿದವನಿಗೆ ಉಪಯೋಗವಾದೀತು, ಅಷ್ಟೇ.

ಕಾರ್ಖಾನೆಗಳ ಮಾತೂ ಇದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರ ಫೆಬ್ರವರಿಯಲ್ಲಿ ನೀಡಿದ ನಿರ್ದೇಶನದಂತೆ ಸಕ್ಕರೆ ಹಾಗೂ ಡಿಸ್ಟಿಲರಿಗಳೂ ಸೇರಿದಂತೆ 17 ವರ್ಗಗಳ ಉದ್ದಿಮೆಗಳು ತ್ಯಾಜ್ಯನೀರು ಮತ್ತು ಹೊಗೆಯನ್ನು ಸತತವಾಗಿ ಅಳೆಯುವ ಆನ್‌ಲೈನ್ ಉಪಕರಣಗಳನ್ನು ಅಳವಡಿಸಬೇಕಾಯಿತು. ಮಿತಿ ಮೀರಿದೆ ಎಂಬ ಸಂಖ್ಯೆಯೊಂದು ರಾತ್ರಿ ಪಾಳಿಯ ಕೆಲಸಗಾರನ ಮುಂದೆ ಬಂದರೆ ಸಾಲದು. ಯಾವ ಕವಾಟ ಮುಚ್ಚಬೇಕು, ಯಾರಿಗೆ ತಿಳಿಸಬೇಕು ಎಂಬುದೂ ಅವನಿಗೆ ಅದೇ ಕ್ಷಣದಲ್ಲಿ ಗೊತ್ತಾಗಬೇಕು.

ಬ್ಯಾಂಕುಗಳು ಕಲಿತ ಪಾಠ

ಯಂತ್ರ ಕಳುಹಿಸುವ ಎಚ್ಚರಿಕೆ ಹೀಗೆಯೇ ಇರುತ್ತದೆ, ಬೇರೆ ದಾರಿಯಿಲ್ಲ ಎಂಬ ವಾದವನ್ನು ಒಪ್ಪಲಾಗದು. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು, ಅಂದರೆ ಜಿಎಸ್‌ಟಿ ಜಾರಿಗೆ ಬಂದ ವಾರದಲ್ಲಿಯೇ, ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಬಗ್ಗೆ ಸುತ್ತೋಲೆಯೊಂದನ್ನು ಹೊರಡಿಸಿತು. ಮೂರನೆಯವರ ವಂಚನೆಯಿಂದ ಖಾತೆಯ ಹಣ ಹೋದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕನು ತಿಳಿಸಿದರೆ ಅವನ ಮೇಲೆ ಹೊಣೆ ಬರುವುದಿಲ್ಲ ಎಂಬುದು ಅದರ ಮುಖ್ಯಾಂಶ. ಇಷ್ಟು ಕಡಿಮೆ ಗಡುವು ವಿಧಿಸಿದ ರಿಸರ್ವ್ ಬ್ಯಾಂಕು ಅದರ ಜೊತೆಗೆ ಬ್ಯಾಂಕುಗಳ ಮೇಲೂ ಒಂದು ಕರ್ತವ್ಯವನ್ನು ಹೊರಿಸಿತು. ಎಸ್‌ಎಂಎಸ್ ಅಥವಾ ಇ-ಮೇಲ್ ಎಚ್ಚರಿಕೆಗೆ ಗ್ರಾಹಕನು ನೇರವಾಗಿ ಮಾರುತ್ತರ ಕಳುಹಿಸಿ ಆಕ್ಷೇಪಣೆ ತಿಳಿಸುವಂತಿರಬೇಕು. ಅದಕ್ಕಾಗಿ ಜಾಲಪುಟವನ್ನೋ ವಿಳಾಸವನ್ನೋ ಹುಡುಕುತ್ತ ಕೂರುವಂತಾಗಬಾರದು ಎಂದು ಸುತ್ತೋಲೆ ಸ್ಪಷ್ಟಪಡಿಸಿತು.

ಇಲ್ಲಿರುವ ನ್ಯಾಯ ಸರಳವಾದದ್ದು. ಗಡುವಿನ ಹೊರೆಯನ್ನು ಓದುವವನ ಮೇಲೆ ಹಾಕುವವರು, ಓದಿಸುವ ಹೊರೆಯನ್ನು ತಾವೂ ಹೊರಬೇಕು. ಬ್ಯಾಂಕಿನ ಸಂದೇಶದಲ್ಲಿ ಮೊತ್ತ, ದಿನಾಂಕ, ಖಾತೆಯ ಕೊನೆಯ ಅಂಕಿಗಳು, ‘ನೀವು ಮಾಡಿದ ವಹಿವಾಟಲ್ಲವಾದರೆ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸೂಚನೆ ನಾಲ್ಕು ಸಾಲುಗಳಲ್ಲಿ ಅಡಗುತ್ತವೆ. ತೆರಿಗೆಯ ಸಂದೇಶಕ್ಕೆ ಇದು ಅಸಾಧ್ಯವಾಗಲು ಕಾರಣವಿಲ್ಲ. ಗಣಕಯಂತ್ರಕ್ಕೆ ಮೊತ್ತವೂ ತಿಳಿದಿದೆ, ಅವಧಿಯೂ ತಿಳಿದಿದೆ. ತಿಳಿದದ್ದನ್ನು ಮೊದಲ ಸಾಲಿನಲ್ಲಿ ಬರೆಯುವುದಷ್ಟೇ ಬಾಕಿ. ಮಾದರಿಯಾಗಿ ಹೀಗಿರಬಹುದು:

‘ಗಡುವು ಮೇ 30. ಏಪ್ರಿಲ್ ತಿಂಗಳ ರಿಟರ್ನ್‌ನಲ್ಲಿ ನೀವು ಪಡೆದ ತೆರಿಗೆ ಜಮೆಯು ನಿಮ್ಮ 2ಬಿ ತಖ್ತೆಗಿಂತ ಇಷ್ಟು ರೂಪಾಯಿ ಹೆಚ್ಚಾಗಿದೆ. ಹೆಚ್ಚುವರಿ ಮೊತ್ತವನ್ನು ಕಟ್ಟಿ, ಇಲ್ಲವೆ ಕಾರಣ ತಿಳಿಸಿ. ಉತ್ತರಿಸದಿದ್ದರೆ ಮೇ ತಿಂಗಳ ಜಿಎಸ್‌ಟಿಆರ್-1 ಸಲ್ಲಿಸಲಾಗದು. ನಮೂನೆ: ಡಿಆರ್‌ಸಿ-01ಸಿ.’

ನಮೂನೆಯ ಸಂಖ್ಯೆ ಇಲ್ಲಿ ಕೊನೆಗೆ ಬಂದಿದೆ. ಅದು ಲೆಕ್ಕಪರಿಶೋಧಕನಿಗೆ ಬೇಕಾದ ಮಾಹಿತಿ. ಗಡುವು ಮಾಲೀಕನಿಗೆ ಬೇಕಾದ ಮಾಹಿತಿ.

ಭಾಷೆಯ ಪ್ರಶ್ನೆ

ಇಂಥ ಸಂದೇಶ ಕನ್ನಡದಲ್ಲಿಯೂ ಇರಬೇಕೆಂಬುದು ಅಭಿಮಾನದ ಬೇಡಿಕೆಗಿಂತ ಹೆಚ್ಚಾಗಿ ವ್ಯವಹಾರದ ಬೇಡಿಕೆ. ತಾಂತ್ರಿಕವಾಗಿ ಇದು ಕಷ್ಟವೆಂಬ ಮಾತು ಈಗ ನಿಲ್ಲುವುದಿಲ್ಲ. 2023ರ ಅಕ್ಟೋಬರ್ 12ರಂದು ದೂರಸಂಪರ್ಕ ಇಲಾಖೆಯು ವಿಪತ್ತಿನ ಎಚ್ಚರಿಕೆಯನ್ನು ಪರೀಕ್ಷಿಸಲು ರಾಜ್ಯದ ಮೊಬೈಲುಗಳಿಗೆ ಕಳುಹಿಸಿದ ಸಂದೇಶ ಕನ್ನಡದಲ್ಲಿಯೂ ಬಂದಿತ್ತು.

ಅರ್ಥವಾಗದ ನೋಟಿಸಿನ ಪರಿಣಾಮ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2025ರ ಜುಲೈ ತಿಂಗಳ ಪ್ರಸಂಗವೇ ಸಾಕ್ಷಿ. ಯುಪಿಐ ಜಮೆಗಳ ಅಂಕಿಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ಜಮೆಯ ಮೇಲೆ ಸುಮಾರು 29 ಲಕ್ಷ ರೂಪಾಯಿಗಳ ಬೇಡಿಕೆ ಹೋದ ಸುದ್ದಿ ರಾಜ್ಯವೆಲ್ಲ ಹರಡಿತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ನೋಟಿಸು ಪ್ರಶ್ನೆಯೋ, ಅಂತಿಮ ಆದೇಶವೋ, ವಿನಾಯಿತಿ ಪಡೆದ ಸರಕು ಮಾರಿದವನು ಏನು ಉತ್ತರಿಸಬೇಕು ಎಂಬುದು ತಿಳಿಯದೆ ಅನೇಕರು ಕಂಗಾಲಾದರು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಬಂದವು, ಬಂದ್ ಕರೆಯೂ ಹೊರಟಿತು. ಕೊನೆಗೆ ಮುಖ್ಯಮಂತ್ರಿಗಳೇ ವರ್ತಕರ ಸಭೆ ಕರೆದು ಸಮಾಧಾನ ಹೇಳಬೇಕಾಯಿತು. ಪಾರದರ್ಶಕ ವಹಿವಾಟನ್ನು ಉತ್ತೇಜಿಸಬೇಕಾದ ವ್ಯವಸ್ಥೆಯು ಜನರನ್ನು ಮರಳಿ ನಗದಿನತ್ತ ತಳ್ಳಿತು.

ಮಹಾಲಿಂಗಪುರದ ಬೆಲ್ಲದ ಪೇಟೆಗೂ ಇದರ ಸಂಬಂಧವಿದೆ. 2022ರ ಜುಲೈ 18ರಿಂದ ಮುಂಚಿತವಾಗಿ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲ ಶೇ. 5ರ ತೆರಿಗೆಗೆ ಒಳಪಟ್ಟಿತು. ಬಿಡಿ ಬೆಲ್ಲಕ್ಕೆ ತೆರಿಗೆ ಬರಲಿಲ್ಲ. ಎರಡನ್ನೂ ಮಾರುವ ದಲಾಲಿ ಅಂಗಡಿಯ ಬ್ಯಾಂಕ್ ಜಮೆಯನ್ನಷ್ಟೇ ನೋಡಿದ ಯಂತ್ರಕ್ಕೆ ಈ ಭೇದ ತಿಳಿಯದು. ಯಂತ್ರದ ಪ್ರಶ್ನೆ ಸ್ಪಷ್ಟವಾಗಿದ್ದರೆ ವರ್ತಕನ ಉತ್ತರವೂ ಸ್ಪಷ್ಟವಾಗಿರುತ್ತದೆ.

ಆಕ್ಷೇಪಣೆಗಳು

ಈ ಸಲಹೆಗೆ ಎರಡು ಆಕ್ಷೇಪಣೆಗಳು ಬರಬಹುದು. ಇ-ಮೇಲ್‌ನಲ್ಲಿಯೇ ಮೊತ್ತ ಬರೆದರೆ ಗೋಪ್ಯತೆ ಹೋಗುತ್ತದೆ, ಮೋಸಗಾರರು ಅದೇ ಮಾದರಿಯಲ್ಲಿ ನಕಲಿ ಸಂದೇಶ ಕಳುಹಿಸುತ್ತಾರೆ ಎಂಬುದು ಮೊದಲನೆಯದು. ಈ ಭಯ ನಿರಾಧಾರವಲ್ಲ. ಆದರೆ ನಕಲಿ ಸಂದೇಶಗಳು ಇಂದಿಗೂ ಬರುತ್ತಿವೆ. ಅಸಲಿಯೂ ಅಸ್ಪಷ್ಟವಾಗಿರುವುದೇ ಅವುಗಳಿಗೆ ಅನುಕೂಲ. ಸಂದೇಶದಲ್ಲಿ ಹಣ ಕಟ್ಟುವ ಕೊಂಡಿ ಇರಬಾರದು, ಉಲ್ಲೇಖ ಸಂಖ್ಯೆಯನ್ನು ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸುವಂತೆ ಹೇಳಬೇಕು. ಈ ಪರಿಶೀಲನೆಯ ಸೌಲಭ್ಯ ಈಗಾಗಲೇ ಇದೆ.

‘ತೆರಿಗೆ ಸಲಹೆಗಾರರಿದ್ದಾರಲ್ಲ’ ಎಂಬುದು ಎರಡನೆಯದು. ಇದಕ್ಕೆ ಉತ್ತರ ಆ ವೃತ್ತಿಯವರ ಕಚೇರಿಗಳಲ್ಲಿಯೇ ಸಿಗುತ್ತದೆ. ನೂರಾರು ಕಕ್ಷಿದಾರರ ಸಂದೇಶಗಳು ಒಂದೇ ಪೆಟ್ಟಿಗೆಗೆ ಬಂದು ಬೀಳುವಾಗ, ವಿಷಯದ ಸಾಲಿನಲ್ಲಿ ಗಡುವು ಕಾಣದಿದ್ದರೆ, ಅನುಭವಿಯ ಕಣ್ಣಿಗೂ ಅದು ತಪ್ಪಬಹುದು. ಗಡುವು ಮೀರಿದ ಬಳಿಕ ಬಡ್ಡಿ ಕಟ್ಟುವವನು ಮಾತ್ರ ವರ್ತಕನೇ.

ನ್ಯಾಯಾಲಯಗಳು ಇಂಥ ಸಂಕಷ್ಟವನ್ನು ಗಮನಿಸದೇ ಇಲ್ಲ. ಜಾಲತಾಣದಲ್ಲಿ ಮಾತ್ರ ಏರಿಸಿದ ನೋಟಿಸು ವರ್ತಕನ ಗಮನಕ್ಕೆ ಬಾರದ ಪ್ರಕರಣಗಳಲ್ಲಿ ಮದ್ರಾಸ್ ಹೈಕೋರ್ಟು ಅನೇಕ ಬಾರಿ ಏಕಪಕ್ಷೀಯ ಆದೇಶಗಳನ್ನು ರದ್ದುಪಡಿಸಿ, ವಿವಾದಿತ ತೆರಿಗೆಯ ಒಂದು ಭಾಗವನ್ನು ಠೇವಣಿ ಇಡುವ ಷರತ್ತಿನ ಮೇಲೆ ಮರುವಿಚಾರಣೆಗೆ ಕಳುಹಿಸಿದೆ. ಜಾಲತಾಣದಲ್ಲಿ ಎರಡು ಬೇರೆ ಶೀರ್ಷಿಕೆಗಳಡಿ ಹಂಚಿಹೋಗಿದ್ದ ನೋಟಿಸುಗಳನ್ನು 2024ರ ಆರಂಭದಲ್ಲಿ ಒಂದೇ ಕಡೆ ಕಾಣುವಂತೆ ಮಾಡಲಾಯಿತು. ವ್ಯವಸ್ಥೆ ಬದಲಾಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಒಂದು ಇ-ಮೇಲ್ ಅರ್ಥವಾಗಲಿಲ್ಲವೆಂದು ಬೀಳಗಿಯ ಕಿರಾಣಿ ವರ್ತಕನು ಧಾರವಾಡ ಪೀಠದ ಮೆಟ್ಟಿಲು ಹತ್ತಬೇಕೆನ್ನುವುದು ಪರಿಹಾರವಾಗಲಾರದು.

ಸದ್ಯಕ್ಕೆ ವರ್ತಕರು ತಿಳಿದಿರಬೇಕಾದದ್ದು

ಸುಧಾರಣೆ ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಕೆಳಗಿನ ಹೆಸರುಗಳು ಇ-ಮೇಲ್‌ನಲ್ಲಿ ಕಂಡರೆ ಅದೇ ದಿನ ಸಲಹೆಗಾರರನ್ನು ಕಾಣುವುದು ಕ್ಷೇಮ.

ಜಿಎಸ್‌ಟಿಆರ್-3ಎ: ರಿಟರ್ನ್ ಬಾಕಿಯಿದೆ. 15 ದಿನಗಳಲ್ಲಿ ಸಲ್ಲಿಸಬೇಕು.

ಎಎಸ್‌ಎಂಟಿ-13: ರಿಟರ್ನ್ ಬಾರದ್ದರಿಂದ ಅಧಿಕಾರಿಯು ಅಂದಾಜಿನ ಮೇಲೆ ತೆರಿಗೆ ನಿರ್ಧರಿಸಿದ್ದಾರೆ. 60 ದಿನಗಳಲ್ಲಿ ಕ್ರಮಬದ್ಧವಾದ ರಿಟರ್ನ್ ಸಲ್ಲಿಸಿದರೆ ಆದೇಶ ತಾನಾಗಿ ಹಿಂತೆಗೆದಂತಾಗುತ್ತದೆ. ಬಡ್ಡಿ ಹಾಗೂ ವಿಳಂಬ ಶುಲ್ಕ ತಪ್ಪುವುದಿಲ್ಲ.

ಎಎಸ್‌ಎಂಟಿ-10: ರಿಟರ್ನ್ ಪರಿಶೀಲನೆಯಲ್ಲಿ ವ್ಯತ್ಯಾಸ ಕಂಡಿದೆ. ನೋಟಿಸಿನಲ್ಲಿ ನಮೂದಿಸಿದ ಅವಧಿ ಸಾಮಾನ್ಯವಾಗಿ 30 ದಿನಗಳೊಳಗಿನದು.

ಡಿಆರ್‌ಸಿ-01ಬಿ ಮತ್ತು 01ಸಿ: ಮೊದಲನೆಯದು ಮಾರಾಟದ ತೆರಿಗೆಯ ವ್ಯತ್ಯಾಸಕ್ಕೆ, ಎರಡನೆಯದು ಖರೀದಿಯ ಜಮೆಯ ವ್ಯತ್ಯಾಸಕ್ಕೆ. ಎರಡಕ್ಕೂ 7 ದಿನ. 01ಬಿಗೆ ಉತ್ತರಿಸದಿದ್ದರೆ ನೇರ ವಸೂಲಿಗೂ ಅವಕಾಶವಿದೆ.

ಆರ್‌ಇಜಿ-17 ಮತ್ತು 31: ನೋಂದಣಿ ರದ್ದತಿಯ ಸೂಚನೆ. ಮೊದಲನೆಯದಕ್ಕೆ 7 ಕೆಲಸದ ದಿನ, ಎರಡನೆಯದಕ್ಕೆ 30 ದಿನ. ನೋಂದಣಿ ಅಮಾನತಿನಲ್ಲಿದ್ದಾಗ ಇ-ವೇ ಬಿಲ್ ಹೊರಡುವುದಿಲ್ಲ. ಲಾರಿ ಗೋದಾಮಿನ ಮುಂದೆಯೇ ನಿಲ್ಲುತ್ತದೆ.

ತೆರಿಗೆ ಆದೇಶದ ಮೇಲೆ ಮೇಲ್ಮನವಿಗೆ ಮೂರು ತಿಂಗಳು. ಸಕಾರಣವಿದ್ದರೆ ಇನ್ನೊಂದು ತಿಂಗಳು. ಅದರಾಚೆಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಅಧಿಕಾರವಿಲ್ಲ.

ಇದರೊಂದಿಗೆ ಪ್ರತಿಯೊಬ್ಬ ವರ್ತಕನೂ ಜಾಲತಾಣದಲ್ಲಿ ತನ್ನ ನೋಂದಣಿಯಲ್ಲಿರುವ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆ ಯಾರದ್ದೆಂದು ಒಮ್ಮೆ ನೋಡಿಕೊಳ್ಳಬೇಕು. 2017ರ ಗಡಿಬಿಡಿಯಲ್ಲಿ ಕಂಪ್ಯೂಟರ್ ಕೇಂದ್ರದವರು ತೆರೆದುಕೊಟ್ಟ ವಿಳಾಸವೋ, ಕೆಲಸ ಬಿಟ್ಟುಹೋದ ಗುಮಾಸ್ತನ ವಿಳಾಸವೋ ಅಲ್ಲಿ ಉಳಿದಿದ್ದರೆ ಕೂಡಲೇ ತಿದ್ದಿಸಬೇಕು. ಮಾಲೀಕನ ಸ್ವಂತ ವಿಳಾಸವಿರಲಿ. ಅಲ್ಲಿಂದ ಸಲಹೆಗಾರನಿಗೆ ಪ್ರತಿ ತಾನಾಗಿ ಹೋಗುವಂತೆ ಏರ್ಪಾಡು ಮಾಡುವುದು ಕ್ಷಣದ ಕೆಲಸ. ಇ-ಮೇಲ್ ಬರಲಿ, ಬಾರದಿರಲಿ, ವಾರಕ್ಕೊಮ್ಮೆ ಜಾಲತಾಣದ ನೋಟಿಸಿನ ಪುಟವನ್ನು ತೆರೆದು ನೋಡುವ ರೂಢಿಯೂ ಬೇಕು.

ಸಂಘದ ಮುಂದಿರುವ ಕೆಲಸ

ವಾಣಿಜ್ಯೋದ್ಯಮ ಸಂಘಗಳು ತೆರಿಗೆಯ ದರ ಇಳಿಸುವಂತೆ ಪ್ರತಿ ಮುಂಗಡಪತ್ರದ ಮುನ್ನ ಮನವಿ ಸಲ್ಲಿಸುತ್ತವೆ. ಈ ಬಾರಿ ಖರ್ಚಿಲ್ಲದ ಮನವಿಯೊಂದನ್ನು ಅದಕ್ಕೆ ಸೇರಿಸಬಹುದು: ವಿಷಯದ ಸಾಲಿನಲ್ಲಿ ಗಡುವಿನ ದಿನಾಂಕ, ಮೊದಲ ವಾಕ್ಯದಲ್ಲಿ ಮೊತ್ತ ಮತ್ತು ಅವಧಿ, ಎರಡನೆಯದರಲ್ಲಿ ಮಾಡಬೇಕಾದ ಕೆಲಸ, ಇಂಗ್ಲಿಷಿನ ಜೊತೆಗೆ ಕನ್ನಡ, ಮತ್ತು ಕ್ರಮ ಬೇಡುವ ಸಂದೇಶಕ್ಕೆ ಬರಿಯ ಮಾಹಿತಿಯ ಸಂದೇಶಕ್ಕಿಂತ ಭಿನ್ನವಾದ ಗುರುತು. ಇದರಿಂದ ಬೊಕ್ಕಸಕ್ಕೆ ಒಂದು ರೂಪಾಯಿಯೂ ನಷ್ಟವಿಲ್ಲ. ಅರ್ಥವಾದ ನೋಟಿಸಿಗೆ ಉತ್ತರ ಬೇಗ ಬರುತ್ತದೆ, ತೆರಿಗೆಯೂ ಬೇಗ ಬರುತ್ತದೆ; ಅಧಿಕಾರಿಯ ಮೇಜಿನ ಕಡತವೂ ಬೇಗ ಮುಚ್ಚುತ್ತದೆ.

ನಾಲ್ಕೂ ಊರುಗಳ ವರ್ತಕರಿಗೆ ಬಂದ ಎಚ್ಚರಿಕೆಗಳ ಪ್ರತಿಗಳನ್ನು, ಹೆಸರು ಮತ್ತು ನೋಂದಣಿ ಸಂಖ್ಯೆಗಳನ್ನು ಅಳಿಸಿ ಒಂದೆಡೆ ಸಂಗ್ರಹಿಸಿ, ಪ್ರತಿಯೊಂದರ ಪಕ್ಕದಲ್ಲಿ ಅದು ಹೇಗಿರಬೇಕಿತ್ತು ಎಂಬುದನ್ನು ಕನ್ನಡದಲ್ಲಿ ಬರೆದು, ಆ ಕಡತವನ್ನೇ ಮನವಿಯ ಜೊತೆ ಇಲಾಖೆಗೆ ಒಪ್ಪಿಸುವುದು ಯುಕ್ತ. ಬರಿಯ ದೂರಿಗಿಂತ ತಿದ್ದಿದ ಮಾದರಿಗೆ ತೂಕ ಹೆಚ್ಚು. ಆ ಕಡತದ ಕೆಲಸ ಸಂಘದ ಮುಂದಿನ ಮಾಸಿಕ ಸಭೆಯಲ್ಲಿಯೇ ಆರಂಭವಾಗಬಹುದು.